ಮಾರುವವರಿಲ್ಲದ ಆಟವನ್ನು ಕಾಯುವವರು

ರಿಚರ್ಡ್ ಬರ್ನ್ಸ್ ರ‍್ಯಾಲಿ ಎಂಬ ಕಂಪ್ಯೂಟರ್ ಆಟ ಬಿಡುಗಡೆಯಾದದ್ದು 2004ರಲ್ಲಿ. ಇಂದು ಅದನ್ನು ಮಾರುವವರಿಲ್ಲ. ರೂಪಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು. ಯಾರ ಹೆಸರನ್ನು ಆಟಕ್ಕೆ ಇಟ್ಟಿದ್ದರೋ ಆ ಚಾಲಕ ಆಟ ಬಂದ ಮರುವರ್ಷವೇ ತೀರಿಕೊಂಡರು. ಲೆಕ್ಕದ ಪ್ರಕಾರ ಇದು ಯಾವತ್ತೋ ಮರೆತುಹೋಗಬೇಕಾಗಿದ್ದ ಆಟ. ಆದರೆ ಸಡಿಲ ಮಣ್ಣಿನ ಮೇಲೆ ಕಾರು ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರಾದರೂ ಕೇಳಿದರೆ ಧಾರವಾಡದ ನನ್ನ ಕೋಣೆಯಲ್ಲಿ ಅವರನ್ನು ಕೂರಿಸಿ ನಾನು ಇಂದಿಗೂ ತೋರಿಸುವುದು ಇದನ್ನೇ. ಇದಕ್ಕಿಂತ ಚೆಂದದ ಚಿತ್ರಗಳಿರುವ ಆಟಗಳು ಆಮೇಲೆ ಬಹಳ ಬಂದಿವೆ. ಇದಕ್ಕಿಂತ ಪ್ರಾಮಾಣಿಕವಾದದ್ದು ಬಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಬರ್ನ್ಸ್ ಇಂಗ್ಲೆಂಡಿನವರು. 2001ರಲ್ಲಿ ಸುಬಾರು ಇಂಪ್ರೆಜಾ ಓಡಿಸಿ ವಿಶ್ವ ರ‍್ಯಾಲಿ ಚಾಂಪಿಯನ್ ಆದರು. ಆ ವರ್ಷ ಅವರು ಗೆದ್ದದ್ದು ನ್ಯೂಜಿಲೆಂಡಿನ ಒಂದೇ ಒಂದು ರ‍್ಯಾಲಿ. ಉಳಿದ ಕಡೆ ಎರಡನೆಯ, ಮೂರನೆಯ, ನಾಲ್ಕನೆಯ ಸ್ಥಾನಗಳ ಅಂಕ ಕೂಡಿಸುತ್ತ ಹೋಗಿ, ಕೊನೆಗೆ ಎದುರಾಳಿ ಕಾಲಿನ್ ಮೆಕ್ರೇ ಅವರಿಗಿಂತ ಎರಡೇ ಅಂಕ ಮುಂದೆ ನಿಂತರು. ಆರ್ಭಟಿಸುವ ಚಾಲಕರ ನಡುವೆ ಅವರು ಲೆಕ್ಕ ಹಾಕಿ ಓಡಿಸುವವರು, ಕಾರನ್ನು ಮುರಿಯದೆ ಗುರಿ ಮುಟ್ಟಿಸುವವರು. 2003ರ ನವೆಂಬರಿನಲ್ಲಿ ಬ್ರಿಟನ್ ರ‍್ಯಾಲಿಗೆ ಹೊರಟಿದ್ದಾಗ ದಾರಿಯಲ್ಲೇ ಪ್ರಜ್ಞೆ ತಪ್ಪಿತು. ಮಿದುಳಿನಲ್ಲಿ ಗಡ್ಡೆ ಇರುವುದು ಪತ್ತೆಯಾಯಿತು. 2005ರ ನವೆಂಬರ್ 25ರಂದು, ಅಂದರೆ ಚಾಂಪಿಯನ್ ಪಟ್ಟ ಗೆದ್ದ ದಿನಕ್ಕೆ ಸರಿಯಾಗಿ ನಾಲ್ಕು ವರ್ಷಕ್ಕೆ, ತೀರಿಕೊಂಡರು. ಆಗ ಅವರ ವಯಸ್ಸು 34. ಆಟದೊಳಗೆ ಪಕ್ಕದ ಸೀಟಿನಿಂದ ದಾರಿ ಹೇಳುವ ದನಿ ಅವರ ನಿಜ ಜೀವನದ ಸಹಚಾಲಕ ರಾಬರ್ಟ್ ರೀಡ್ ಅವರದೇ. ಆ ಜೋಡಿಯ ಸ್ವಭಾವ ಆಟಕ್ಕೂ ಇಳಿದುಬಂದಿದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಅವಸರ ಮಾಡಿದವರನ್ನು ಅದು ಕ್ಷಮಿಸುವುದಿಲ್ಲ. ಒಂದು ಕಲ್ಲಿಗೆ ಮೂತಿ ತಾಗಿಸಿದರೆ ಕಾರು ಅಲ್ಲೇ ನಿಲ್ಲದಿರಬಹುದು. ಆದರೆ ರೇಡಿಯೇಟರ್ ಸೋರತೊಡಗಿ, ಎಂಜಿನ್ ಬಿಸಿಯೇರಿ, ನೀವು ಆ ಕಲ್ಲನ್ನು ಮರೆತು ಬಹುದೂರ ಬಂದ ಮೇಲೆ ಕೈಕೊಡುತ್ತದೆ.

ಆಟವನ್ನು ರೂಪಿಸಿದ್ದು ಬ್ರಿಟನ್ನಿನ ವಾರ್ಟ್‌ಹಾಗ್, ಪ್ರಕಟಿಸಿದ್ದು ಎಸ್‌ಸಿಐ. ಕಾರಿನ ಚಲನೆಯ ಗಣಿತವನ್ನು ಬರೆದವರು ಈರೋ ಪೀಟುಲೈನೆನ್. ಈ ಗಣಿತವೇ ಇಡೀ ಕಥೆಯ ಬೇರು, ಹಾಗಾಗಿ ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ಜಲ್ಲಿ ಹಾದಿಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಒಂದು ಎಡತಿರುವಿಗೆ ಬರುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಸುಮ್ಮನೆ ಸ್ಟಿಯರಿಂಗ್ ತಿರುಗಿಸಿದರೆ ಮುಂದಿನ ಚಕ್ರಗಳು ಜಲ್ಲಿಯನ್ನು ಉಳುತ್ತ ನೇರವಾಗಿ ಹಳ್ಳಕ್ಕೆ ಹೋಗುತ್ತವೆ. ಬ್ರೇಕನ್ನು ಕ್ಷಣಕಾಲ ಒತ್ತಿದರೆ ಕಾರಿನ ಭಾರ ಮುಂದಕ್ಕೆ ಸರಿಯುತ್ತದೆ. ಮೂತಿ ತಗ್ಗುತ್ತದೆ, ಮುಂದಿನ ಟೈರುಗಳು ನೆಲ ಕಚ್ಚುತ್ತವೆ, ಹಗುರಾದ ಹಿಂಬದಿ ಹೊರಕ್ಕೆ ಜಾರತೊಡಗುತ್ತದೆ. ಹಾದಿ ಇನ್ನೂ ಕಿರಿದಾಗಿದ್ದರೆ ಎಡಕ್ಕೆ ಹೋಗಬೇಕಾದವರು ಮೊದಲು ಚೂರು ಬಲಕ್ಕೆ ಎಳೆಯಬೇಕು. ಕಾರು ಬಲಕ್ಕೆ ವಾಲಿ, ಮತ್ತೆ ಎಡಕ್ಕೆ ಬೀಸಿಕೊಳ್ಳುವಾಗ ಆ ಬೀಸಿನ ಬಲದಿಂದಲೇ ಹಿಂಬದಿ ಸುತ್ತಿ ಬರುತ್ತದೆ. ಇದನ್ನು ಆಟ ಒಂದು ಕೈಚಳಕವಾಗಿ ಬರೆದಿಟ್ಟಿಲ್ಲ. ಈ ಗುಂಡಿ ಒತ್ತಿದರೆ ಜಾರು ಎಂಬ ಆದೇಶ ಅದರಲ್ಲಿ ಎಲ್ಲಿಯೂ ಇಲ್ಲ. ನಾಲ್ಕು ಟೈರುಗಳ ಮೇಲೆ ಎಷ್ಟೆಷ್ಟು ಭಾರ ಬಿದ್ದಿದೆ, ಪ್ರತಿಯೊಂದರ ಕೆಳಗೆ ಎಂಥ ನೆಲವಿದೆ, ಸ್ಪ್ರಿಂಗ್ ಎಷ್ಟು ಕುಗ್ಗಿದೆ ಎಂದು ಪ್ರತಿ ಕ್ಷಣವೂ ಲೆಕ್ಕ ಮಾಡುತ್ತಾ ಹೋಗುತ್ತದೆ. ಜಾರಿಕೆ ಆ ಲೆಕ್ಕದಿಂದ ತಾನಾಗಿ ಹುಟ್ಟುತ್ತದೆ. ಅದಕ್ಕೇ ಆಟವನ್ನು ಬರೆದವರು ಊಹಿಸಿಯೂ ಇರದ ರಸ್ತೆಯೊಂದನ್ನು ಮುಂದೆ ಯಾರೋ ತಂದು ಜೋಡಿಸಿದಾಗಲೂ ಕಾರು ಸರಿಯಾಗಿಯೇ ನಡೆದುಕೊಂಡಿತು.

ಧಾರವಾಡದಲ್ಲಿ ಬೆಳೆದವರಿಗೆ ನೆಲದ ಬಗೆಗಳನ್ನು ಹೇಳಿಕೊಡಬೇಕಾಗಿಲ್ಲ. ಊರಿನಿಂದ ಪಶ್ಚಿಮಕ್ಕೆ ಅಳ್ನಾವರ, ದಕ್ಷಿಣಕ್ಕೆ ಕಲಘಟಗಿಯ ಕಡೆ ಹೋದರೆ ಕೆಮ್ಮಣ್ಣು, ಮರಗಳು, ಮಲೆನಾಡಿನ ಸೆರಗು. ಪೂರ್ವಕ್ಕೆ ಅಣ್ಣಿಗೇರಿ, ನವಲಗುಂದದ ಕಡೆ ಹೊರಟರೆ ಕಣ್ಣು ಹಾಯುವವರೆಗೂ ಎರೆಭೂಮಿ. ಬೇಸಿಗೆಯಲ್ಲಿ ಅದು ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ನೀರು ಕುಡಿದು ಉಬ್ಬಿ, ಅಂಟಿನಂತಾಗುತ್ತದೆ. ಹೊಲದ ದಾರಿಯಲ್ಲಿ ಬೈಕ್ ತಂದವರಿಗೆ ಗೊತ್ತು, ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಗಿಡಿದುಕೊಂಡು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಚಕ್ರ ತಿರುಗುವುದೇ ನಿಲ್ಲುತ್ತದೆ. ಕಡ್ಡಿಯಿಂದ ಕೆದರಿ ತೆಗೆಯಬೇಕು, ನಾಲ್ಕು ಹೆಜ್ಜೆ ತಳ್ಳಬೇಕು, ಮತ್ತೆ ಕೆದರಬೇಕು. ಕೆಮ್ಮಣ್ಣಿನ ದಾರಿ ಹಾಗಲ್ಲ. ಮೇಲಿನ ಪದರ ಜಾರುತ್ತದೆ, ಕೆಳಗಿನ ಗಟ್ಟಿ ಹಿಡಿದುಕೊಳ್ಳುತ್ತದೆ. ನಮ್ಮ ತಂದೆ ಹಳೆಯ ಮಾರುತಿ ಓಮ್ನಿಯನ್ನು ಅಳ್ನಾವರದ ಕಡೆಯ ಕಾಡುದಾರಿಯಲ್ಲಿ ಮಳೆಗಾಲದಲ್ಲಿ ಓಡಿಸುವಾಗ ತಿರುವಿಗೆ ಮುಂಚೆಯೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಕಾಲನ್ನು ಎಕ್ಸಲರೇಟರ್ ಮೇಲೆ ಬಹಳ ಹಗುರಾಗಿ ಇಟ್ಟುಕೊಳ್ಳುತ್ತಿದ್ದರು. ಯಾಕೆ ಎಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅದರ ಕಾರಣ ನನಗೆ ಮೈಯಲ್ಲಿ ತಿಳಿದದ್ದು ಈ ಆಟದ ಒದ್ದೆ ಜಲ್ಲಿ ಹಾದಿಗಳಲ್ಲಿ, ಕೈಯಲ್ಲಿನ ಸ್ಟಿಯರಿಂಗ್ ಒಮ್ಮೆಲೇ ಹಗುರಾಗುವುದನ್ನು ಅನುಭವಿಸಿದಾಗ. ಚಕ್ರ ನೆಲವನ್ನು ಬಿಟ್ಟಿತು ಎಂಬುದಕ್ಕೆ ಕೈಗೆ ಸಿಗುವ ಮೊದಲ ಸೂಚನೆ ಆ ಹಗುರತನ.

ಇನ್ನು ಮಾಡ್‌ಗಳ ವಿಷಯ. ಮೂಲ ಆಟಕ್ಕೆ ಅಭಿಮಾನಿಗಳು ಸೇರಿಸುವ ಮಾರ್ಪಾಡುಗಳಿಗೆ ಆಟಗಾರರ ನಡುವೆ ಇರುವ ಹೆಸರು ಅದು. ಈ ಆಟದಲ್ಲಿ ಮಾರ್ಪಾಡಿಗೆ ಅವಕಾಶ ಸಿಕ್ಕದ್ದು ಎರಡು ಕಾರಣದಿಂದ. ಒಂದು, ಆಟಕ್ಕೆ ಹೊರಗಿನ ಪ್ಲಗಿನ್‌ಗಳನ್ನು, ಅಂದರೆ ಸಣ್ಣ ಪೂರಕ ಪ್ರೋಗ್ರಾಂಗಳನ್ನು, ಜೋಡಿಸುವ ವ್ಯವಸ್ಥೆ ಅದರೊಳಗೇ ಇದೆ. ಇನ್ನೊಂದು, ಕಾರುಗಳ ಗುಣಲಕ್ಷಣವೆಲ್ಲ ಫಿಸಿಕ್ಸ್ ಎಂಬ ಹೆಸರಿನ, ಆರ್‌ಬಿಝಡ್ ಎಂಬ ವಿಚಿತ್ರ ಬಾಲವಿರುವ ಒಂದು ಕಡತದಲ್ಲಿದೆ. ಆ ಬಾಲವನ್ನು ಬದಲಿಸಿ ನೋಡಿದವರಿಗೆ ಅದು ನಾವು ನೀವು ದಿನವೂ ಬಳಸುವ ಸಾಮಾನ್ಯ ಜಿಪ್ ಕಡತ ಎಂದು ಗೊತ್ತಾಯಿತು. ಬಿಚ್ಚಿದರೆ ಒಳಗೆ ಓದಬಹುದಾದ ಪಠ್ಯ. ಆವರಣ ಚಿಹ್ನೆಗಳ ಒಳಗೆ ಆವರಣ ಚಿಹ್ನೆಗಳು, ಅವುಗಳ ಒಳಗೆ ಸ್ಪ್ರಿಂಗಿನ ಗಡಸುತನ, ಡ್ಯಾಂಪರಿನ ತಡೆ, ಡಿಫರೆನ್ಷಿಯಲ್ ಎಷ್ಟು ಬಿಗಿಯಾಗಬೇಕು ಎಂಬ ಕೋಷ್ಟಕ. ನಾನು ಹುಬ್ಬಳ್ಳಿಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬಿಡಿಸುವ ಕೆಲಸದಲ್ಲಿರುವವನು. ಆ ಕಡತವನ್ನು ಮೊದಲು ತೆರೆದ ರಾತ್ರಿ ನನಗೆ ಆದ ಸಂತೋಷವನ್ನು ಹೇಳಲಾರೆ. ಒಳ್ಳೆಯ ಎಂಜಿನಿಯರ್ ಬರೆದಿಟ್ಟ ಟಿಪ್ಪಣಿ ಪುಸ್ತಕವನ್ನೇ ಕೈಗೆ ಕೊಟ್ಟಂತಿತ್ತು.

ಆದರೆ ಆಟದ ಮೂಲ ಸಂಕೇತ, ಅಂದರೆ ಪ್ರೋಗ್ರಾಂ ಬರೆದ ಸಾಲುಗಳು, ಯಾರ ಕೈಗೂ ಸಿಕ್ಕಿಲ್ಲ. ಅದು ಮುಖ್ಯ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಿಗೆ ಹಳೆಯ ಜೀಪಿನ ಸವೆದ ಬುಷ್ ಒಂದನ್ನು ತಂದು ಇಂಥದ್ದೇ ಇನ್ನೊಂದು ಬೇಕು ಎನ್ನುವವರು ಇದ್ದಾರೆ. ಕಂಪನಿಯ ನಕ್ಷೆ ಇರುವುದಿಲ್ಲ. ಕಾರ್ಮಿಕ ಸವೆದದ್ದನ್ನು ವರ್ನಿಯರ್‌ನಲ್ಲಿ ಅಳೆದು, ಸವೆಯುವ ಮೊದಲು ಅದು ಎಷ್ಟಿದ್ದಿರಬೇಕು ಎಂದು ಯೋಚಿಸಿ, ಹೊಸದನ್ನು ಕಡೆದು ಕೊಡುತ್ತಾನೆ. ಈ ಆಟದ ಮಾಡ್‌ಗಳನ್ನು ಬರೆದವರ ದಾರಿಯೂ ಅದೇ. ಓಡುತ್ತಿರುವ ಪ್ರೋಗ್ರಾಂ ಮೆಮೊರಿಯ ಯಾವ ವಿಳಾಸದಲ್ಲಿ ಏನನ್ನು ಇಡುತ್ತದೆ ಎಂದು ನೋಡುತ್ತ, ಒಂದು ಬೆಲೆಯನ್ನು ಬದಲಿಸಿ ಏನಾಗುತ್ತದೆ ಎಂದು ಕಾಯುತ್ತ, ವರ್ಷಗಟ್ಟಲೆ ಅಳೆದರು. ಅದಕ್ಕೆ ಯಾರೂ ಸಂಬಳ ಕೊಡಲಿಲ್ಲ.

ಅವರು ಎದುರಿಸಿದ ತೊಡಕುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಎಂಟರ ಮಿತಿ. ಆಟದಲ್ಲಿ ಎಂಟು ಕಾರುಗಳಿವೆ. ಸುಬಾರು ಎರಡು, ಪೆಜೋ, ಸಿಟ್ರೊಯೆನ್, ಹ್ಯುಂಡೈ, ಮಿತ್ಸುಬಿಷಿ, ಟೊಯೋಟಾ, ಎಂಜಿ. ಒಂಬತ್ತನೆಯದಕ್ಕೆ ಜಾಗವೇ ಇಲ್ಲ. ಪ್ರೋಗ್ರಾಂ ಎಂಟರ ಆಚೆ ಎಣಿಸುವುದಿಲ್ಲ. ಹಾಗಾಗಿ ಆರಂಭದ ವರ್ಷಗಳಲ್ಲಿ ಹೊಸ ಕಾರು ಬೇಕೆಂದರೆ ಹಳೆಯದೊಂದನ್ನು ತೆಗೆಯಲೇಬೇಕಿತ್ತು. ಫೋರ್ಡಿನ ಎಸ್ಕಾರ್ಟ್ ಕಾರು ಓಡಿಸುವ ಆಸೆಯಾದರೆ ಟೊಯೋಟಾದ ಕಡತಗಳನ್ನು ಎತ್ತಿಟ್ಟು, ಅದರ ಜಾಗದಲ್ಲಿ ಎಸ್ಕಾರ್ಟಿನದನ್ನು ಇಡಬೇಕು, ಒಂದು ಕಡತ ತಪ್ಪಿದರೂ ಆಟ ಏಳುವುದಿಲ್ಲ. ಈಗ ಆ ಗೋಡೆಯನ್ನು ಒಡೆಯದೆಯೇ ದಾಟಿದ್ದಾರೆ. ಉದ್ದನೆಯ ಪಟ್ಟಿಯಿಂದ ಕಾರನ್ನು ಆರಿಸಿಕೊಂಡರೆ, ಆಟ ಶುರುವಾಗುವ ಮೊದಲು ಒಂದು ಸಣ್ಣ ಪ್ರೋಗ್ರಾಂ ಅದರ ಕಡತಗಳನ್ನು ಎಂಟು ಜಾಗಗಳಲ್ಲಿ ಒಂದಕ್ಕೆ ಸದ್ದಿಲ್ಲದೆ ತಂದಿಡುತ್ತದೆ. ಆಟಕ್ಕೆ ತನ್ನ ಬಳಿ ಎಂಟೇ ಕಾರುಗಳಿವೆ ಎಂಬ ನಂಬಿಕೆ ಹಾಗೆಯೇ ಉಳಿದಿದೆ.

ಚಲನೆಯ ಗಣಿತವೂ ಪೂರ್ಣವಾಗಿರಲಿಲ್ಲ. ಮೂಲ ಆಟದ ಡಾಂಬರು ರಸ್ತೆ ನನಗೆ ಎಂದೂ ಒಪ್ಪಿಗೆಯಾಗಿರಲಿಲ್ಲ. ಜಲ್ಲಿಯ ಮೇಲೆ ಅಷ್ಟು ಸತ್ಯವಾಗಿದ್ದ ಕಾರು ಡಾಂಬರಿನ ಮೇಲೆ ಎಲ್ಲೋ ತೇಲುತ್ತಿತ್ತು. ಎನ್‌ಜಿಪಿ ಎಂಬ ಪ್ಲಗಿನ್ ಬಂದ ಮೇಲೆ ಅದು ಸರಿಹೋಯಿತು. ಅದು ಟೈರು, ಎಂಜಿನ್ ಮತ್ತು ಗೇರುಗಳ ಲೆಕ್ಕವನ್ನೇ ಹೊಸದಾಗಿ ಬರೆಯಿತು. ಹಿಂದಿನ ಚಕ್ರಗಳಿಂದ ಮಾತ್ರ ಓಡುವ ಹಳೆಯ ಕಾರುಗಳು ನಂಬುವಂತೆ ನಡೆದುಕೊಳ್ಳತೊಡಗಿದ್ದು ಆಗಲೇ. ಇಲ್ಲಿ ಒಂದು ಮಾತು ಹೇಳಬೇಕು. ಮೂಲಕ್ಕೆ ಕೈ ಹಚ್ಚಬಾರದು ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಮೂಲದವರು ಹಿಡಿದ ಉದ್ದೇಶ ಕಾರು ಕಾರಿನಂತೆ ನಡೆಯಬೇಕು ಎಂಬುದಾಗಿತ್ತು. ಅದು ಇನ್ನಷ್ಟು ಈಡೇರಿದರೆ ಮೂಲಕ್ಕೆ ಗೌರವವೇ.

ಸ್ಪರ್ಧೆಯನ್ನು ಉಳಿಸಿಕೊಂಡವರದು ಇನ್ನೊಂದು ಕಥೆ. ಮೊದಲು ಜೆಕ್ ದೇಶದವರು, ಆಮೇಲೆ ಹಂಗೆರಿಯ ರ‍್ಯಾಲಿಸಿಮ್‌ಫ್ಯಾನ್ಸ್ ಬಳಗ, ಆನ್‌ಲೈನ್ ರ‍್ಯಾಲಿಗಳನ್ನು ನಡೆಸುತ್ತ ಬಂದಿದ್ದಾರೆ. ಮೂಲದಲ್ಲಿದ್ದದ್ದು ಫಿನ್ಲೆಂಡ್, ಬ್ರಿಟನ್, ಫ್ರಾನ್ಸ್, ಜಪಾನ್, ಆಸ್ಟ್ರೇಲಿಯಾ, ಅಮೆರಿಕದ ರಸ್ತೆಗಳು. ಈಗ ಅಭಿಮಾನಿಗಳು ಕಟ್ಟಿದ ರಸ್ತೆಗಳು ನೂರಾರು. ನಿಜವಾದ ರ‍್ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ, ಒಂದಾದ ಮೇಲೊಂದು ಹೊರಡುತ್ತವೆ, ಗಡಿಯಾರ ತೀರ್ಪು ಕೊಡುತ್ತದೆ. ಆನ್‌ಲೈನ್ ರ‍್ಯಾಲಿಯೂ ಹಾಗೆಯೇ. ನೀವು ಒಬ್ಬರೇ ಓಡಿಸುತ್ತೀರಿ, ಮುಗಿದ ಮೇಲೆ ನಿಮ್ಮ ಸಮಯ ಮಾತ್ರ ಹೋಗಿ ಪಟ್ಟಿಗೆ ಸೇರುತ್ತದೆ. ಮಳೆಗಾಲದ ಸಂಜೆ ಇಂಟರ್‌ನೆಟ್ ಕುಂಟುತ್ತಿದ್ದರೂ ಧಾರವಾಡದಿಂದ ಭಾಗವಹಿಸುವುದಕ್ಕೆ ಅಡ್ಡಿಯಾಗದಿರುವುದು ಈ ಕಾರಣಕ್ಕೆ. ಕರೆಂಟ್ ಹೋದರೆ ಮಾತ್ರ ಯಾರೂ ಏನೂ ಮಾಡುವಂತಿಲ್ಲ.

ನನ್ನ ಪಾಲಿನ ಕೆಲಸ ಸಣ್ಣದು. ಸಹಚಾಲಕನ ದನಿಯನ್ನು ಬದಲಿಸಿಕೊಳ್ಳುವ ಅನುಕೂಲವನ್ನು ಮಾಡ್‌ಗಳು ಕೊಟ್ಟಿವೆ. ಯುರೋಪಿನ ಹಲವು ಭಾಷೆಗಳಲ್ಲಿ ಜನ ತಮ್ಮ ದನಿ ಸೇರಿಸಿಕೊಂಡಿರುವುದನ್ನು ಕಂಡು ಕನ್ನಡದಲ್ಲಿಯೂ ಒಂದಿರಲಿ ಎಂದು ಅಕ್ಕನನ್ನು ಕೇಳಿದೆ. ಅಕ್ಕ ಧಾರವಾಡದ ಒಂದು ಶಾಲೆಯಲ್ಲಿ ಶಿಕ್ಷಕಿ. ಹಿಂದಿನ ಬೆಂಚಿಗೂ ಕೇಳುವ ದನಿ. ಮನೆಯ ಸಾಮಾನು ಕೋಣೆಯ ಗೋಡೆಗಳಿಗೆ ಅಜ್ಜಿಯ ಕಾಲದ ಕೌದಿಗಳನ್ನು ತೂಗುಹಾಕಿ, ಪ್ರತಿಧ್ವನಿ ಬಾರದಂತೆ ಮಾಡಿಕೊಂಡು ಕೂತೆವು. ಆಟದಲ್ಲಿ ಪ್ರತಿ ಪದಕ್ಕೂ ಒಂದು ಪ್ರತ್ಯೇಕ ಧ್ವನಿ ಕಡತ. ಎಡ, ಬಲ, ತಿರುವು ಎಷ್ಟು ಕಡಿದು ಎಂದು ಹೇಳುವ ಒಂದರಿಂದ ಆರರ ಅಂಕಿಗಳು, ಉಬ್ಬು, ಮೋರಿ, ಜಾರು, ಎಚ್ಚರ. ಒಂದೊಂದಾಗಿ ಹೇಳಿಸುತ್ತ ಹೋದರೆ ಸುಲಭ ಎನ್ನಿಸುತ್ತದೆ. ಕಷ್ಟ ಇರುವುದು ಹೊತ್ತಿನಲ್ಲಿ. ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 33 ಮೀಟರ್ ದಾಟುತ್ತದೆ. ಪದವೊಂದನ್ನು ಅಕ್ಕ ಪ್ರೀತಿಯಿಂದ ಎಳೆದು ಹೇಳಿದರೆ, ಅದು ಮುಗಿಯುವಷ್ಟರಲ್ಲಿ ತಿರುವು ಬಂದು ಹೋಗಿರುತ್ತದೆ.

ಇನ್ನೊಂದು ವಿಷಯವನ್ನು ಅಕ್ಕನೇ ಕಂಡುಹಿಡಿದಳು. ರೀಡ್ ಅವರ ಮೂಲ ದನಿಯನ್ನು ಹೆಡ್‌ಫೋನ್ ಹಾಕಿಕೊಂಡು ಬಹಳ ಹೊತ್ತು ಕೇಳಿ, ಈ ಮನುಷ್ಯ ಒಂದು ಸಲವೂ ದನಿ ಏರಿಸುವುದಿಲ್ಲವಲ್ಲ ಎಂದಳು. ಹೌದು, ಸಹಚಾಲಕನ ಗುಣವೇ ಅದು. ಮುಂದೆ ಪ್ರಪಾತವಿದ್ದರೂ ನೇರ ರಸ್ತೆಯಿದ್ದರೂ ಅದೇ ಸಮತೂಕ. ಅವನ ದನಿ ನಡುಗಿದರೆ ಚಾಲಕನ ಕೈ ನಡುಗುತ್ತದೆ. ಅಕ್ಕ ತನ್ನ ತರಗತಿಯ ಏರಿಳಿತವನ್ನೆಲ್ಲ ತೆಗೆದು, ರೈಲು ನಿಲ್ದಾಣದ ಪ್ರಕಟಣೆಯಷ್ಟೂ ಒಣಗದಂತೆ, ನಡುವೆ ಎಲ್ಲೋ ಒಂದು ಸ್ಥಿಮಿತದ ದನಿಯನ್ನು ಹುಡುಕಿಕೊಂಡಳು. ಫಿನ್ಲೆಂಡಿನ ಹಿಮದ ಕಾಡಿನಲ್ಲಿ ಆ ದನಿ ಪಕ್ಕದ ಸೀಟಿನಲ್ಲಿ ಕೂತು ಎಡ ಮೂರು, ಉಬ್ಬು, ಬಲ ಐದು ಎನ್ನುವಾಗ ನನ್ನ ಓಟ ನಿಜವಾಗಿಯೂ ಸುಧಾರಿಸಿತು. ತಾಯ್ನುಡಿಯ ಸೂಚನೆಯನ್ನು ಕಿವಿ ತಡೆಯಿಲ್ಲದೆ ಕೈಗೆ ದಾಟಿಸುತ್ತದೆ.

ದೊಡ್ಡ ಕೆಲಸ ಮಾಡುತ್ತಿರುವವನು ಗದಗದ ಗೆಳೆಯ. ವೃತ್ತಿಯಿಂದ ಭೂಮಾಪಕ. ಕಪ್ಪತಗುಡ್ಡದ ತಪ್ಪಲಿನಲ್ಲಿ, ಡಂಬಳದ ಆಸುಪಾಸಿನ ಒಂದು ಹಳ್ಳಿ ರಸ್ತೆಯನ್ನು ಆಟದೊಳಗೆ ಕಟ್ಟುತ್ತಿದ್ದಾನೆ. ಗುಡ್ಡ 2019ರಿಂದ ವನ್ಯಜೀವಿಧಾಮ. ಅಲ್ಲಿ ನಿಜವಾದ ಕಾರುಗಳನ್ನು ಆ ವೇಗದಲ್ಲಿ ಓಡಿಸುವುದನ್ನು ನಾನಂತೂ ಬೆಂಬಲಿಸಲಾರೆ, ಅವನೂ ಬೆಂಬಲಿಸುವುದಿಲ್ಲ. ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ದೊಡ್ಡ ರ‍್ಯಾಲಿಗಳು ನಡೆದಿವೆ, 2019ರಲ್ಲಿ ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ ಅರ್ಜುನ ಪ್ರಶಸ್ತಿ ಬಂದು ಈ ಕ್ರೀಡೆಗೆ ದೇಶದ ಮನ್ನಣೆಯೂ ಸಿಕ್ಕಿದೆ. ಆದರೆ ನಮ್ಮ ಕಡೆಯ ಬಯಲು ಮತ್ತು ಕುರುಚಲು ಗುಡ್ಡಗಳ ರಸ್ತೆಗೆ ಅಂಥ ಅದೃಷ್ಟ ಬಂದಿಲ್ಲ, ಕಪ್ಪತಗುಡ್ಡಕ್ಕೆ ಬರಲೂಬಾರದು. ಪರದೆಯ ಮೇಲೆ ಓಡಿದರೆ ಒಂದು ನವಿಲೂ ಬೆದರುವುದಿಲ್ಲ.

ಅವನ ಕೆಲಸ ನೋಡಲು ಗದಗಕ್ಕೆ ಹೋಗಿ ಕೂತಾಗ ರಸ್ತೆ ಎಂದರೇನು ಎಂದು ಮತ್ತೊಮ್ಮೆ ಕಲಿತೆ. ನೆಲದ ಏರುತಗ್ಗಿಗೆ ಎಲ್ಲರೂ ಮೊದಲು ಹೋಗುವುದು ಉಪಗ್ರಹ ಮತ್ತು ನೌಕೆಗಳ ಅಳತೆಗೆ. 2000ದ ಫೆಬ್ರುವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ ರಾಡಾರ್‌ನಿಂದ ಭೂಮಿಯ ಬಹುಭಾಗವನ್ನು ಅಳೆದ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಗುಡ್ಡದ ಆಕಾರ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಆದರೆ ಅದರಲ್ಲಿ ಸುಮಾರು 30 ಮೀಟರಿಗೆ ಒಂದು ಬಿಂದು. ರ‍್ಯಾಲಿ ಕಾರಿಗೆ 30 ಮೀಟರ್ ಎಂದರೆ ಒಂದು ಇಡೀ ತಿರುವು. ರಸ್ತೆಯ ಮಧ್ಯೆ ಒಂದು ಮೋರಿ ಇದೆ. ಹಳ್ಳದ ನೀರು ದಾಟಲು ಕೊಳವೆ ಹಾಕಿ, ಮೇಲೆ ಮಣ್ಣು ಏರಿಸಿದ ಕಾರಣ ಅಲ್ಲೊಂದು ಉಬ್ಬು. ಎರಡು ಬಿಂದುಗಳ ನಡುವೆ ಸಿಕ್ಕ ಆ ಉಬ್ಬು ಬಾಹ್ಯಾಕಾಶದ ಅಳತೆಯಲ್ಲಿ ಇಲ್ಲವೇ ಇಲ್ಲ. ಇಡೀ ರಸ್ತೆಯ ಜೀವ ಇರುವುದು ಅಲ್ಲೇ. ವೇಗವಾಗಿ ಬಂದ ಕಾರು ಆ ಉಬ್ಬಿನ ಮೇಲೆ ಹಗುರಾಗುತ್ತದೆ, ನಾಲ್ಕೂ ಚಕ್ರಗಳು ನೆಲ ಬಿಡುತ್ತವೆ, ಇಳಿಯುವ ಜಾಗದಲ್ಲೇ ಬಲಕ್ಕೆ ತಿರುವು. ಗೆಳೆಯ ತನ್ನ ವೃತ್ತಿಯ ಲೆವೆಲ್ ಮತ್ತು ಅಳತೆಗೋಲನ್ನು ಒಯ್ದು ಮೋರಿಯ ಎರಡೂ ಬದಿಗೆ ಮೀಟರ್ ಮೀಟರಿಗೆ ಎತ್ತರ ತೆಗೆದುಕೊಂಡ. ರಸ್ತೆಯ ನಡು ಎಷ್ಟು ಉಬ್ಬಿದೆ, ಅಂಚುಗಳು ಎಲ್ಲಿ ಕುಸಿದಿವೆ, ಟ್ರ್ಯಾಕ್ಟರ್ ಟ್ರೇಲರುಗಳು ಎಳೆದ ಜಾಡು ಎಷ್ಟು ಆಳ ಎಂಬುದನ್ನೂ ಬರೆದುಕೊಂಡ. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಹೊಸ ರಸ್ತೆ ಆಗುತ್ತದೆಯೇ ಎಂದು ಕೇಳಿದರಂತೆ. ಇಲ್ಲ ಅಜ್ಜ, ಇದೇ ರಸ್ತೆ ಉಳಿಯಲಿ ಎಂದು ಅಳೆಯುತ್ತಿದ್ದೇನೆ ಎಂದನಂತೆ ಇವನು.

ಎತ್ತರ ಮುಗಿದರೆ ನೆಲದ ಗುಣ. ಈ ಆಟದಲ್ಲಿ ರಸ್ತೆ ಒಣಗಿರಬಹುದು, ತೇವವಾಗಿರಬಹುದು, ಒದ್ದೆಯಾಗಿರಬಹುದು. ಆ ಪ್ರತಿಯೊಂದರಲ್ಲೂ ಹೊಸದು, ಸಾಧಾರಣ, ಸವೆದದ್ದು ಎಂಬ ಮೂರು ಬಗೆ. ಅಂದರೆ ಒಂದೇ ರಸ್ತೆಗೆ 9 ರೂಪ. ಪ್ರತಿ ರೂಪಕ್ಕೂ ಯಾವ ಜಾಗದಲ್ಲಿ ಯಾವ ನೆಲ ಎಂದು ಹೇಳಬೇಕು. ಮೊದಲ ಕಾರುಗಳು ಹಾದುಹೋಗುವಾಗ ಸಡಿಲ ಮೊರಮು ಮೇಲಿರುತ್ತದೆ. ಹಲವು ಕಾರುಗಳು ಹೋದ ಮೇಲೆ ಅದು ಬದಿಗೆ ಸರಿದು, ಚಕ್ರದ ಜಾಡಿನಲ್ಲಿ ಗಟ್ಟಿ ನೆಲ ತೋರುತ್ತದೆ, ಅಲ್ಲಿ ಹಿಡಿತ ಹೆಚ್ಚು. ಜಾಡು ಬಿಟ್ಟು ಒಂದು ಮೊಳ ಆಚೆ ಹೋದರೆ ಸರಿದು ಕೂತ ಕಲ್ಲುಪುಡಿಯ ಮೇಲೆ ಕಾರು ಗುಂಡುಗಳ ಮೇಲೆ ನಿಂತಂತೆ ಜಾರುತ್ತದೆ. ಇಷ್ಟನ್ನೂ ಅವನು ಕೈಯಿಂದ ತುಂಬುತ್ತಿದ್ದ. ಪ್ರಯೋಗಕ್ಕೆಂದು ಹೊರಗಿನ ಕೆಲವರಿಗೆ ಕಳಿಸಿದಾಗ ಹಂಗೆರಿಯ ಆಟಗಾರನೊಬ್ಬ ಬರೆದ, ಮೋರಿ ದಾಟಿದ ಮೇಲಿನ ತಗ್ಗಿನಲ್ಲಿ ಒದ್ದೆ ಮಣ್ಣು ಹೀಗೆ ಹಿಡಿಯುವುದಿಲ್ಲ, ಮಳೆಯ ಮಾರನೆಯ ದಿನದ ಫೋಟೋ ಇದ್ದರೆ ಕಳಿಸು ಎಂದು. ಗೆಳೆಯ ಮಳೆ ಬರುವವರೆಗೆ ಕಾದು, ಮಾರನೆಯ ಬೆಳಿಗ್ಗೆ ಹೋಗಿ, ಎತ್ತಿನ ಬಂಡಿಯ ಗಾಲಿಯ ಗುರುತನ್ನು ಹತ್ತಿರದಿಂದ ತೆಗೆದು ಕಳಿಸಿದ. ಗಾಲಿಯ ಅಂಚಿನಲ್ಲಿ ಮಣ್ಣು ಎದ್ದು ಮಡಚಿ ಬಿದ್ದಿದ್ದ ರೀತಿ ನೋಡಿಯೇ ಆ ಮನುಷ್ಯ ಇದು ಜೇಡಿ ಹೆಚ್ಚಿರುವ ನೆಲ ಎಂದು ಗುರುತಿಸಿ, ಯಾವ ಬೆಲೆಯನ್ನು ತಗ್ಗಿಸಬೇಕು ಎಂದು ಹೇಳಿದ. ಕಪ್ಪತಗುಡ್ಡವನ್ನು ಕಾಣದ, ಕಾಣುವ ಸಂಭವವೂ ಇಲ್ಲದ ಒಬ್ಬ ಮನುಷ್ಯ ಅಲ್ಲಿನ ಕೆಸರಿನ ಬಗ್ಗೆ ಅಷ್ಟು ಕಾಳಜಿ ವಹಿಸಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇದೆಲ್ಲ ಕಾನೂನಿನ ದೃಷ್ಟಿಯಲ್ಲಿ ಸರಿಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ವಾರ್ಟ್‌ಹಾಗ್ ಕಂಪನಿಯನ್ನು 2004ರಲ್ಲೇ ಟೈಗರ್ ಟೆಲಿಮ್ಯಾಟಿಕ್ಸ್ ಕೊಂಡಿತು, ಸ್ವಲ್ಪ ಕಾಲದಲ್ಲೇ ಅದೂ ಮುಳುಗಿತು. ಎಸ್‌ಸಿಐ 2005ರಲ್ಲಿ ಐಡೋಸ್ ಎಂಬ ಕಂಪನಿಯನ್ನು ಕೊಂಡು ಮುಂದೆ ಅದೇ ಹೆಸರು ತಳೆಯಿತು. 2009ರಲ್ಲಿ ಐಡೋಸ್ ಜಪಾನಿನ ಸ್ಕ್ವೇರ್ ಎನಿಕ್ಸ್ ಪಾಲಾಯಿತು. ಕಾರಿನ ಕಂಪನಿಗಳ ಹೆಸರು ಬಳಸುವ ಪರವಾನಗಿಗಳು ಬೇರೆ. ಇಷ್ಟು ಕೈ ಬದಲಾದ ಹಳೆಯ ಆಟವನ್ನು ಮತ್ತೆ ಮಾರುಕಟ್ಟೆಗೆ ತರುವುದರಲ್ಲಿ ಯಾವ ವ್ಯಾಪಾರಿಗೂ ಲಾಭವಿಲ್ಲ. ಕೃತಿಸ್ವಾಮ್ಯ ಮಾತ್ರ ದಶಕಗಟ್ಟಲೆ ಜೀವಂತವಾಗಿರುತ್ತದೆ. ಮಾರುವುದೂ ಇಲ್ಲ, ಬಿಡುವುದೂ ಇಲ್ಲ ಎಂಬ ಈ ಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದವರ ಪರವಾಗಿಯೇ ನಾನು ನಿಲ್ಲುತ್ತೇನೆ. ಅವರು ಇದರಿಂದ ಹಣ ಮಾಡಲು ಹೊರಟವರಲ್ಲ, ಮೂಲದವರ ಹೆಸರನ್ನು ಅಳಿಸಿಲ್ಲ.

ಇನ್ನೊಂದು ಬದಿಯನ್ನೂ ನೋಡಿ. ಯೂಬಿಸಾಫ್ಟ್ 2014ರಲ್ಲಿ ತಂದ ದಿ ಕ್ರೂ ಎಂಬ ಕಾರಿನ ಆಟದ ಸರ್ವರುಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಆ ಆಟ ಸರ್ವರ್ ಇಲ್ಲದೆ ಓಡುತ್ತಿರಲಿಲ್ಲ. ಹಣ ಕೊಟ್ಟು ಕೊಂಡವರ ಕೈಯಲ್ಲಿ ಡಿಸ್ಕ್ ಉಳಿಯಿತು, ಆಟ ಉಳಿಯಲಿಲ್ಲ. ಅದಕ್ಕಿಂತ ಹತ್ತು ವರ್ಷ ಹಳೆಯದಾದ ರಿಚರ್ಡ್ ಬರ್ನ್ಸ್ ರ‍್ಯಾಲಿ ಯಾರ ಅಪ್ಪಣೆಯನ್ನೂ ಕೇಳದೆ ನಮ್ಮ ಕಂಪ್ಯೂಟರಿನೊಳಗೇ ಓಡುತ್ತದೆ. ಉಳಿಸಿಕೊಳ್ಳುವವರು ಎಷ್ಟೇ ಇದ್ದರೂ ಉಳಿಸಿಕೊಳ್ಳುವಂಥ ವಸ್ತು ಕೈಯಲ್ಲಿರಬೇಕಲ್ಲ. 1998ರ ಗ್ರ್ಯಾನ್ ಪ್ರೀ ಲೆಜೆಂಡ್ಸ್ ಕೂಡ ಬದುಕಿರುವುದು ಹೀಗೆಯೇ. 1967ರ ಫಾರ್ಮುಲಾ ಒನ್ ಕಾರುಗಳನ್ನು ಕುರಿತ ಆ ಆಟಕ್ಕೆ ಅಭಿಮಾನಿಗಳು ಬೇರೆ ಬೇರೆ ವರ್ಷಗಳ ಕಾರುಗಳನ್ನೂ ಹಳೆಯ ಸರ್ಕೀಟುಗಳನ್ನೂ ಸೇರಿಸುತ್ತ ಬಂದಿದ್ದಾರೆ. ಅದರಲ್ಲೂ ಕಾರಿನ ಚಲನೆಯ ಲೆಕ್ಕ ಕಾಲಕ್ಕಿಂತ ಬಹಳ ಮುಂದಿತ್ತು. ಆ ಕಾಲದಲ್ಲಿ ಚೆಂದವಾಗಿ ಕಾಣುತ್ತಿದ್ದ ಬೇರೆ ಎಷ್ಟೋ ಆಟಗಳನ್ನು ಯಾರೂ ರಿಪೇರಿ ಮಾಡುತ್ತ ಕೂರಲಿಲ್ಲ. ಜನ ಇಪ್ಪತ್ತು ವರ್ಷ ದುಡಿಯಲು ಸಿದ್ಧರಾಗುವುದು ಒಳಗಿನ ಕೆಲಸ ಗಟ್ಟಿಯಾಗಿರುವಾಗ ಮಾತ್ರ ಎಂಬುದಕ್ಕೆ ಈ ಎರಡು ಆಟಗಳೇ ನನಗೆ ಸಾಕ್ಷಿ.

ಡಂಬಳದ ಕಡೆಯ ರಸ್ತೆ ಈಗ ಒಣ ಮತ್ತು ತೇವದ ರೂಪಗಳಲ್ಲಿ ಓಡಿಸುವಂತಾಗಿದೆ. ಒದ್ದೆಯದು ಇನ್ನೂ ತಿದ್ದುಪಡಿಯಲ್ಲಿದೆ. ರಸ್ತೆ ಬದಿಯ ಬೇವು, ಜಾಲಿ, ಬಳ್ಳಾರಿ ಜಾಲಿಯ ಪೊದೆಗಳು ಬಂದಿವೆ. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ತಿರುಗುತ್ತಿವೆ. ಅಕ್ಕನ ದನಿಯನ್ನು ರಸ್ತೆಯ ಉದ್ದಕ್ಕೂ ಜೋಡಿಸುವುದು ನನ್ನ ಪಾಲಿಗೆ ಬಂದಿದೆ. ಪ್ರತಿ ಸೂಚನೆಯೂ ಆರಂಭದಿಂದ ಎಷ್ಟನೆಯ ಮೀಟರಿನಲ್ಲಿ ಕೇಳಬೇಕು ಎಂದು ಒಂದೊಂದಾಗಿ ಬರೆಯಬೇಕು. ಮೋರಿಯ ಸೂಚನೆಯನ್ನು ಎಷ್ಟು ಮೊದಲು ಕೊಡಬೇಕು ಎಂಬುದರಲ್ಲಿ ನನಗೂ ಗೆಳೆಯನಿಗೂ ಇನ್ನೂ ಒಮ್ಮತವಿಲ್ಲ. ಅವನು ತಡವಾಗಿ ಎನ್ನುತ್ತಾನೆ, ನಾನು ಬೇಗ ಎನ್ನುತ್ತೇನೆ.

ಮುಂದಿನದು ಎರೆಭೂಮಿಯ ರಸ್ತೆ. ಅಣ್ಣಿಗೇರಿ ಮತ್ತು ನವಲಗುಂದದ ನಡುವೆ, ಹೊಲಗಳ ಮಧ್ಯೆ ಹಾಯುವ, ಇನ್ನೂ ಡಾಂಬರು ಕಾಣದ ಒಂದು ದಾರಿ ಬೇಕು. ಬೇಸಿಗೆಯ ಬಿರುಕಿನಲ್ಲಿ ಒಮ್ಮೆ, ಮೊದಲ ಮಳೆಯ ಮರುದಿನ ಒಮ್ಮೆ ಅದನ್ನು ಅಳೆಯಬೇಕು. ಎರೆಮಣ್ಣು ಟೈರಿನ ಸಂದುಗಳಲ್ಲಿ ತುಂಬಿಕೊಂಡು ಹಿಡಿತವನ್ನೇ ನುಂಗುವುದನ್ನು ಆಟದ ಈಗಿನ ನೆಲಗಳಲ್ಲಿ ಯಾವುದಕ್ಕೆ ಹೊಂದಿಸಬೇಕು ಎಂದು ಗೆಳೆಯ ಈಗಲೇ ತಲೆ ಕೆಡಿಸಿಕೊಂಡಿದ್ದಾನೆ. ಆ ಭಾಗದ ರೈತರು, ಟ್ರ್ಯಾಕ್ಟರ್ ಓಡಿಸುವವರು, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಲ್ಲಿ ಜಾರುತ್ತದೆ ಎಂದು ಬಲ್ಲವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಮಳೆಯ ನಂತರದ ಚಕ್ರದ ಗುರುತಿನ ಫೋಟೋ ಇದ್ದರೆ, ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನೋ ಬೆಂಕಿಪೊಟ್ಟಣವನ್ನೋ ಇಟ್ಟು ತೆಗೆದು ಕಳಿಸಿ. ಜಾಡಿನ ಆಳ ಅದರಿಂದ ಸರಿಯಾಗಿ ಗೊತ್ತಾಗುತ್ತದೆ.